ತೆಳು ಗಾಳಿಯಲ್ಲಿ ಅತ್ತಿಯ ಸೂರ್ಯಾಸ್ತ

ಪರದೇಶಕ್ಕೆ ಹೋಗಿ ಬಂದವರನ್ನು ಚಿಕ್ಕೋಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಏನು ತಂದಿರಿ ಎಂದು. ನಾನು ತಂದದ್ದು ಸಿಪ್ಪೆ ಸುಲಿದ ಮೂಗು ಮತ್ತು ಒಡೆದ ತುಟಿಗಳು. ಟಿಬೆಟ್ಟಿಗೆ ಹೋಗಿದ್ದೆ ಎಂದಾಗ ಪಕ್ಕದ ಮನೆಯ ವೈನಿ, "ಅಲ್ಲೆ ಥಂಡಿ ಅಂತಾರ, ನೀ ನೋಡಿದ್ರ ಸುಟಗೊಂಡ ಬಂದೀದಿ," ಎಂದು ನಕ್ಕರು. ಅಂಗಳದಲ್ಲಿ ನಿಂತು ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಉಷ್ಣತೆ ಇಳಿಯುತ್ತದೆ, ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಅದರ ನಡುವೆ ಒಂದು ಮನುಷ್ಯದೇಹವನ್ನು, ಅದೂ ನಮ್ಮ ಚಂಪಾ ಅತ್ತಿಯ ದೇಹವನ್ನು ಇಟ್ಟರೆ ಏನಾಗುತ್ತದೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಚಂಪಾ ಅತ್ತಿ ಅಪ್ಪನ ಅಕ್ಕ. ಮನೆ ಉಗಾರದಲ್ಲಿ. ಮೊದಲ ತೀರ್ಥಂಕರರಾದ ಆದಿನಾಥರು ಮೋಕ್ಷ ಪಡೆದ ಜಾಗ ಅಷ್ಟಾಪದ. ಅದು ಕೈಲಾಸ ಪರ್ವತದ ಬುಡದಲ್ಲಿದೆ ಎಂದು ನಮ್ಮ ಜೈನರು ನಂಬುತ್ತಾರೆ. ಅದನ್ನು ಒಮ್ಮೆ ಕಣ್ಣಿಂದ ನೋಡಬೇಕು ಎಂಬುದು ಅತ್ತಿಯ ಬಹಳ ವರ್ಷಗಳ ಆಸೆ. ನೇಪಾಳದ ಕಡೆಯಿಂದ ಜೀಪಿನಲ್ಲಿ ಹೋಗಿ ಬರಬಹುದು ಎಂಬ ಸುದ್ದಿ ತಂದವರು ಭೂಪಾಲ ಕಾಕಾ. ಅವರು ಅತ್ತಿಗೆ ಚಿಕ್ಕಪ್ಪನ ಮಗ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿ. ತಂಬಾಕು ಮಾರುವವರೇ ಹೊರತು ಒಂದು ಎಲೆಯನ್ನೂ ಬಾಯಿಗೆ ಹಾಕಿದವರಲ್ಲ. ಅತ್ತಿಯ ಜೊತೆಗೆ ಒಬ್ಬ ಹೆಣ್ಣುಮಗಳು ಬೇಕು ಎಂದಾಗ ಅಪ್ಪ ನನ್ನನ್ನು ನೋಡಿದರು. ಆ ದಿನಗಳಲ್ಲಿ ಮನೆಯಲ್ಲಿ ನನ್ನ ವಿಷಯವಾಗಿ ಒಂದು ಮಾತು ನಡೆದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮಾತಿನಿಂದ ಸ್ವಲ್ಪ ದಿನ ದೂರವಿರುವುದು ನನಗೂ ಬೇಕಾಗಿತ್ತು.

ಹೊರಡುವ ಮೊದಲು ಅತ್ತಿಯ ನೇಮದ ಬಗ್ಗೆ ಹೇಳಬೇಕು. ಹೊತ್ತು ಮುಳುಗಿದ ಮೇಲೆ ಊಟ ಮಾಡದಿರುವುದು ನಮ್ಮ ಅನೇಕ ಮನೆಗಳಲ್ಲಿ ಇದೆ. ಅತ್ತಿ ನೀರನ್ನೂ ಮುಟ್ಟುವುದಿಲ್ಲ. ಹೊತ್ತು ಮುಳುಗುವುದಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು, ಮೊದಲೇ ಬಾಯಿ ತೊಳೆದುಕೊಂಡರೆ, ಮರುದಿನ ಹೊತ್ತು ಹುಟ್ಟಿ ಎರಡು ಗಳಿಗೆ ಕಳೆಯುವವರೆಗೆ ಒಂದು ಹನಿಯೂ ಇಲ್ಲ. ವಯಸ್ಸಿನಲ್ಲಿದ್ದಾಗ ಮುನಿಗಳೊಬ್ಬರ ಮುಂದೆ ಕೈಮುಗಿದು ತೆಗೆದುಕೊಂಡ ನೇಮವಿದು. ಉಗಾರದಲ್ಲಿ ಇದೇನೂ ಕಷ್ಟವಲ್ಲ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ಸೂರ್ಯ ಎಲ್ಲರ ಎದುರಿಗೆ, ಯಾವ ಅನುಮಾನಕ್ಕೂ ಎಡೆ ಕೊಡದೆ ಕಬ್ಬಿನೊಳಗೆ ಇಳಿದು ಹೋಗುತ್ತಾನೆ.

ಗಡಿಯ ಸೇತುವೆ

ನೇಪಾಳ ಮುಗಿದು ಟಿಬೆಟ್ ಶುರುವಾಗುವಲ್ಲಿ ಒಂದು ಹೊಳೆ, ಅದರ ಮೇಲೊಂದು ಸೇತುವೆ. ಅದನ್ನು ನಡೆದೇ ದಾಟಬೇಕು. ನಮ್ಮ ಗಂಟುಗಳನ್ನೆಲ್ಲ ಒಬ್ಬ ಹೆಂಗಸು ಹಣೆಗೆ ಪಟ್ಟಿ ಕಟ್ಟಿಕೊಂಡು ಬೆನ್ನ ಮೇಲೆ ಹೊತ್ತಳು. ಕಾಕಾ ಕೈಲಿ ಹಿಡಿದಿದ್ದ ಚಿಕ್ಕ ಚೀಲವನ್ನೂ ಕಸಿದುಕೊಂಡು ಮೇಲೆ ಏರಿಸಿಕೊಂಡಳು. ನಮ್ಮ ಕಡೆ ಹೆಂಗಸರು ಭಾರವನ್ನು ತಲೆಯ ಮೇಲೆ ಹೊರುತ್ತಾರೆ, ಕತ್ತು ನೆಟ್ಟಗಿರುತ್ತದೆ. ಇವಳು ನೆಲವನ್ನೇ ನೋಡುತ್ತಾ ನಮಗಿಂತ ಮೊದಲು ಆಚೆ ಮುಟ್ಟಿದಳು.

ಸೇತುವೆ ದಾಟಿದರೆ ಗಡಿಯಾರವೂ ಬದಲಾಗಬೇಕು. ದೇಶವೆಲ್ಲ ದೂರದ ರಾಜಧಾನಿಯ ಸಮಯಕ್ಕೆ ನಡೆಯುವುದರಿಂದ ಮುಳ್ಳು ಎರಡು ಗಂಟೆಗೂ ಹೆಚ್ಚು ಮುಂದಕ್ಕೆ ಹಾರುತ್ತದೆ. ನಮ್ಮ ಮಾರ್ಗದರ್ಶಿ ಪೆಂಬಾ ಹಾಗೆ ಮಾಡಿಕೊಂಡ. ಅವನು ನೇಪಾಳದ ಶೆರ್ಪಾ, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ನಾನು ಆಲಸ್ಯದಿಂದ ಕಠ್ಮಂಡುವಿನ ಸಮಯವನ್ನೇ ಉಳಿಸಿಕೊಂಡೆ. ಕಾಕಾ ಭಾರತದ ಸಮಯವನ್ನೂ ಬಿಟ್ಟುಕೊಡಲಿಲ್ಲ. "ನನ್ನ ಹೊಟ್ಟಿ ನಿಪ್ಪಾಣಿ ಟೈಮಿಗೆ ನಡೀತೈತಿ. ಅದಕ್ಕ ಯಾರ ಹೇಳಾವ್ರು?" ಎಂದರು.

ನ್ಯಾಲಂ

ಗಡಿಯಿಂದ ಜೀಪು ಒಂದೇ ಸಮನೆ ಏರಿತು. ಬೆಳಿಗ್ಗೆ ಕಾಡು, ಝರಿ, ಮಂಜು. ಮಧ್ಯಾಹ್ನದ ಹೊತ್ತಿಗೆ ಮರಗಳು ನಿಂತುಹೋದವು. ಒಂದು ತಿರುವಿನಾಚೆ ಬರೀ ಕಲ್ಲು ಮತ್ತು ಆಕಾಶ. ಆಕಾಶದ ನೀಲಿ ಎಷ್ಟು ಗಾಢವಾಗಿತ್ತೆಂದರೆ ಮೊದಲ ನೋಟಕ್ಕೆ ಹೆದರಿಕೆಯಾಗುತ್ತದೆ. ನಡುವೆ ಧೂಳು, ತೇವ, ಗಾಳಿ, ಎಲ್ಲವೂ ಕಡಿಮೆ. ಜೀಪಿನಿಂದ ಇಳಿದಾಗ ಬಿಸಿಲು ಬಿದ್ದ ಕೆನ್ನೆ ಅಥಣಿಯ ಬೇಸಿಗೆಯಲ್ಲಿದ್ದಂತೆ ಉರಿಯಿತು. ಜೀಪಿನ ನೆರಳಿಗೆ ಸರಿದರೆ ಹಲ್ಲು ಕಟಕಟ ಎಂದವು. ತೆಳುವಾದ ಗಾಳಿ ಬಿಸಿಲನ್ನು ತಡೆಯುವುದಿಲ್ಲ, ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಕಾಕಾ ಕರವಸ್ತ್ರ ತೊಳೆದು ಕಿಟಕಿಗೆ ಹಾಕಿ ಹಿಂದಿರುಗಿ ನೋಡುವಷ್ಟರಲ್ಲಿ ಅದು ಹಪ್ಪಳವಾಗಿತ್ತು. "ಸುಮಾ, ಇಲ್ಲೆ ತಂಬಾಕ ತಂದ ಇಟ್ರ ಮುಂಜಾನಿಗೆ ಬರೇ ಪುಡಿ," ಎಂದರು. ಒಣಗಾಳಿ ಎಲೆಯಿಂದ ಹೀರುವ ನೀರನ್ನು ನಮ್ಮ ಎದೆಯಿಂದಲೂ ಹೀರುತ್ತಿತ್ತು ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ನ್ಯಾಲಂ ಒಂದು ಇಕ್ಕಟ್ಟಾದ ಕಣಿವೆಯ ಊರು. ನಾವು ಇಳಿದುಕೊಂಡ ಮನೆಯ ಯಜಮಾನಿ ನಾಲಗೆ ಹೊರಚಾಚಿ ನಮಗೆ ಮರ್ಯಾದೆ ಮಾಡಿದಳು. ಅತ್ತಿ ಗಾಬರಿಯಾಗಿ ನನ್ನ ಕೈ ಹಿಡಿದಳು. ಇಲ್ಲಿಯ ಹಿಂದಿನ ಕಾಲದ ನಮಸ್ಕಾರವೇ ಹಾಗೆ ಎಂದು ಪೆಂಬಾ ಹೇಳಿದ ಮೇಲೆ, "ನಮ್ಮಲ್ಲೆ ಹಿಂಗ ಮಾಡಿದ್ರ ಬೆನ್ನಾಗ ಎರಡ ಬೀಳ್ತಿದ್ವು," ಎಂದಳು. ಕೋಣೆಯಲ್ಲಿ ಹೂವಿನ ಚಿತ್ರದ ದೊಡ್ಡ ಥರ್ಮಾಸ್ ಇಟ್ಟಿದ್ದರು. ಅದರ ತುಂಬ ಕಾಯಿಸಿದ ನೀರು. ಅತಿಥಿಗೆ ತಣ್ಣೀರು ಕೊಡುವ ಪದ್ಧತಿಯೇ ಅಲ್ಲಿ ಇರಲಿಲ್ಲ. ನಮ್ಮ ಮನೆಗಳಲ್ಲೂ ವ್ರತದವರು ಸೋಸಿ ಕಾಯಿಸಿದ ನೀರನ್ನೇ ಕುಡಿಯುವುದು. ಅತ್ತಿಯ ಮುಖ ಅರಳಿತು. "ನೋಡ, ಇವರೂ ನಮ್ಮಂಗಽ ಅದಾರ." ಮರುಕ್ಷಣ ಗೋಡೆಗೆ ನೇತುಹಾಕಿದ್ದ ಒಣಗಿದ ಯಾಕಿನ ತೊಡೆ ಕಂಡಿತು. ಅತ್ತಿ ತನ್ನ ಹಾಸಿಗೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿಕೊಂಡಳು.

ಸ್ವಲ್ಪ ಹೊತ್ತಿನಲ್ಲೇ ಅತ್ತಿಗೆ ತಲೆನೋವು ಶುರುವಾಯಿತು. ಪೆಂಬಾ ಒಂದು ಬಟ್ಟಲಿನಲ್ಲಿ ಬಿಸಿ ಬಿಸಿ ತಿಳಿ ತಂದ.

"ಏನ ವಾಸನಿ ಇದು?" ಎಂದಳು ಅತ್ತಿ.

"ಔಷಧ ಐತಿ ಅಕ್ಕಾ. ಎತ್ತರದಾಗ ತಲಿ ಹಿಡದ್ರ ಇಲ್ಲೆ ಎಲ್ಲಾರೂ ಇದನ್ನಽ ಕುಡೀತಾರಂತ," ಎಂದರು ಕಾಕಾ.

"ಭೂಪಾಲಾ, ನನ್ನ ತಲಿ ನೋಯಾಕತ್ತೈತಿ, ಮೂಗು ಸತ್ತಿಲ್ಲ. ಬಳ್ಳೊಳ್ಳಿ ಅಲ್ಲೇನ ಇದು?"

ಬೆಳ್ಳುಳ್ಳಿಯಂಥ, ನೆಲದೊಳಗೆ ಬೆಳೆಯುವ ಗಡ್ಡೆಗಳನ್ನು ಅತ್ತಿ ತಿನ್ನುವುದಿಲ್ಲ. ಕಾಕಾ ಆ ಬಟ್ಟಲನ್ನು ಹೊರಗೆ ತೆಗೆದುಕೊಂಡು ಹೋದರು. ಬರಿದಾದ ಬಟ್ಟಲಿನೊಂದಿಗೆ ಬಂದರು. ಚೆಲ್ಲಿದೆ ಎಂದರು. ಹೇಳುತ್ತಲೇ ಬಾಯಿ ಒರೆಸಿಕೊಂಡರು.

ನ್ಯಾಲಂ, ಎರಡನೆಯ ದಿನ

ಮುಂಜಾನೆ ಅತ್ತಿ ಎರಡು ಸಲ ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ತುಟಿಗಳು ಒಣಗಿ, ಉಗುರುಗಳು ನೀಲಿಯಾಗಿ, ಕೂತಲ್ಲೇ ತೇಕುತ್ತಿದ್ದಳು. ಪೆಂಬಾ ನಾಡಿ ನೋಡಿ ನನ್ನನ್ನು ಹೊರಗೆ ಕರೆದ. ಇವತ್ತು ಹೇಗೂ ಇಲ್ಲೇ ನಿಲ್ಲುವುದು. ನಾಳೆಯೂ ಹೀಗೇ ಇದ್ದರೆ ಕೆಳಗಿಳಿಸಿ ಗಡಿ ದಾಟಿಸಿಬಿಡುತ್ತೇನೆ, ಮುಂದಿನ ಊರುಗಳೆಲ್ಲ ಇನ್ನೂ ಎತ್ತರ ಎಂದ. "ದೀದಿ, ಇವರು ನೀರೇ ಕುಡಿಯುತ್ತಿಲ್ಲ," ಎಂದೂ ಹೇಳಿದ.

ಕಾಕಾ ಒಳಗೆ ಅದೇ ಜಗಳ ಹೂಡಿದ್ದರು. "ಜೀವಕ್ಕ ಬಂದಾಗ ನೇಮ ಏನ ಹಿಡಕೊಂಡ ಕುಂತಿ ಅಕ್ಕಾ? ರಾತ್ರಿ ಎರಡ ಗುಟುಕ ನೀರ ಕುಡದ್ರ ಆದಿನಾಥ ಸ್ವಾಮಿ ಸಿಟ್ಟ ಆಗ್ತಾನೇನ? ಊರಿಗೆ ಹೋಗಿ ಪ್ರಾಯಶ್ಚಿತ್ತ ತಗೋ."

"ಅದನ್ನ ಮುರದು ಅಲ್ಲಿಗೆ ಹೋಗೂದಾದ್ರ, ಅಲ್ಲಿಗ್ಯಾಕ ಹೋಗಬೇಕೋ?" ಎಂದಳು ಅತ್ತಿ. ದನಿ ಏರಿಸುವ ಶಕ್ತಿ ಅವಳಿಗಿರಲಿಲ್ಲ. ಅದಕ್ಕೇ ಆ ಮಾತು ಹೆಚ್ಚು ಗಟ್ಟಿಯಾಗಿ ಕೇಳಿಸಿತು. "ನನ್ನ ಕೆಳಗ ಇಳಸ್ರಿ. ನೀವ ಇಬ್ಬರೂ ಹೋಗಿ ಬರ್ರಿ."

ಹಾಗೆಂದು ಗೋಡೆಯ ಕಡೆ ಮುಖ ಮಾಡಿದಳು. ಅವಳ ಬೆನ್ನು ಅಲುಗುತ್ತಿದ್ದುದು ತೇಕಿನಿಂದಲೋ ಅಳುವಿನಿಂದಲೋ ನಾನು ನೋಡಲು ಹೋಗಲಿಲ್ಲ.

ಸುಳ್ಳು ಹೇಳಿ ಕುಡಿಸುವುದು ನನಗೆ ಆಗದ ಮಾತು. ನೇಮವನ್ನು ಹಾಗೇ ಇಟ್ಟುಕೊಂಡು ಹಗಲಿನಲ್ಲಿ ಹೆಚ್ಚು ಕುಡಿಸಬಹುದೇ ಎಂದು ಲೆಕ್ಕ ಹಾಕುತ್ತಾ ಕೂತೆ. ಅತ್ತಿ ಬೆಳಿಗ್ಗೆ ಬಹಳ ತಡವಾಗಿ ಮೊದಲ ಲೋಟ ನೀರು ಕುಡಿದಿದ್ದಳು. ನಮ್ಮ ಕಾಲೇಜಿನಲ್ಲಾದರೆ ಅಷ್ಟು ಹೊತ್ತಿಗೆ ಎರಡು ತಾಸು ಪಾಠ ಮುಗಿದಿರುತ್ತಿತ್ತು. ಹಿಂದಿನ ದಿನವೂ ಸಂಜೆಯ ಚಹಾದ ಹೊತ್ತಿಗೇ ಬಾಟಲಿಯ ಮುಚ್ಚಳ ತಿರುವಿಟ್ಟಿದ್ದಳು. ಬಾಯಾರಿಕೆಯಿಲ್ಲ ಎಂದುಕೊಂಡಿದ್ದೆ.

ಆ ದಿನವೂ ಅದೇ ಹೊತ್ತಿಗೆ ಅಂಗಳಕ್ಕೆ ನೆರಳು ಬಂತು. ಪಶ್ಚಿಮದ ಬೆಟ್ಟ ಎಷ್ಟು ಎತ್ತರವೆಂದರೆ ಸೂರ್ಯ ಅದರ ಹಿಂದೆ ಸರಿಯುವಾಗ ಹಗಲು ಇನ್ನೂ ಬಹಳ ಉಳಿದಿರುತ್ತದೆ. ಅತ್ತಿ ಎದ್ದು ಕೂತು ಬಾಯಿ ಮುಕ್ಕಳಿಸಲು ಹೋದಳು.

"ಅತ್ತಿ, ಏನ ಮಾಡಾಕತ್ತೀ?"

"ಹೊತ್ತ ಹೋತಲ್ಲವಾ. ನಿನ್ನೆ ಗೊತ್ತಾಗಲಿಲ್ಲ, ಕುಡದಮ್ಯಾಲ ನೋಡಿದ್ನಿ, ಆಗಲೇ ಮುಣಿಗಿತ್ತು. ಇವತ್ತೂ ತಡಾ ಆತು."

ಆಗ ನನಗೆ ತಿಳಿಯಿತು. ಅತ್ತಿ ಉಗಾರದ ಸೂರ್ಯನನ್ನೇ ನಂಬಿ ಬಂದಿದ್ದಳು. ಕಣ್ಣಿಂದ ಮರೆಯಾದರೆ ಮುಳುಗಿದ, ಕಣ್ಣಿಗೆ ಬಿದ್ದರೆ ಹುಟ್ಟಿದ. ಪೂರ್ವದಲ್ಲೂ ಅಂಥದೇ ಬೆಟ್ಟ. ಎರಡೂ ಬೆಟ್ಟಗಳು ಸೇರಿ ಅವಳ ರಾತ್ರಿಯನ್ನು ಎರಡೂ ತುದಿಯಿಂದ ಎಳೆದು ಉದ್ದ ಮಾಡಿದ್ದವು. ಈ ಒಣಗಾಳಿಯಲ್ಲಿ, ಇಷ್ಟು ಬಿರುಸಾಗಿ ಉಸಿರಾಡುತ್ತಾ, ಅಷ್ಟು ಹೊತ್ತು ಒಂದು ಹನಿ ನೀರಿಲ್ಲ.

ಅವಳನ್ನು ಕೈಹಿಡಿದು ಬಾಗಿಲಿಗೆ ಕರೆತಂದೆ. ಪೂರ್ವದ ಕಡೆ ಒಂದು ಹಿಮದ ಶಿಖರ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿತ್ತು.

"ಅಲ್ಲೆ ಬಿಸಲ ಐತಿಲ್ಲ?"

"ಐತಿ."

"ಅಂದ್ರ ಹೊತ್ತ ಮುಣಿಗಿಲ್ಲ. ನಮಗ ಗ್ವಾಡಿ ಅಡ್ಡ ಬಂದೈತಿ, ಅಷ್ಟ. ಉಗಾರದಾಗ ನೀ ಕದಾ ಹಾಕ್ಕೊಂಡ ಒಳಗ ಕುಂತ್ರ ಹೊತ್ತ ಮುಣಿಗಿತು ಅಂತೀಯೇನ?"

ಅತ್ತಿ ಶಿಖರವನ್ನೇ ನೋಡಿದಳು. ನನ್ನ ವಾದ ಗೆದ್ದಿತು ಎಂದುಕೊಂಡೆ. ಆದರೆ ಅವಳು ವ್ಯವಹಾರದ ಮನೆಯವಳು.

"ಅದು ಎಷ್ಟ ಎತ್ತರ ಐತಿ. ನಮ್ಮಲ್ಲೆ ಗುಡಿ ಕಳಸದ ಮ್ಯಾಲ ಬಿಸಲ ಇರ್ತೈತಿ, ಅಂಗಳದಾಗ ಕತ್ತಲ ಆಗಿರ್ತೈತಿ. ಆ ಗುಡ್ಡಕ್ಕ ಹೊತ್ತ ತಡಾ ಮಾಡಿ ಮುಣಗೂದಿಲ್ಲೇನ? ಖರೇ ಹೇಳ. ನೀ ಕಲಸಾಕಿ ಅದಿ."

ಖರೆ ಹೇಳಬೇಕಾಯಿತು. ಹೌದು, ಎತ್ತರದಲ್ಲಿ ನಿಂತವರಿಗೆ ಸೂರ್ಯ ಸ್ವಲ್ಪ ಹೆಚ್ಚು ಹೊತ್ತು ಕಾಣುತ್ತಾನೆ.

"ಹಂಗಾರ ಆ ಹೆಚ್ಚಿಂದು ನನಗ ಬ್ಯಾಡ. ನನ್ನ ಪಾಲಿಂದ ಎಷ್ಟ ಐತಿ, ಅಷ್ಟ ಹೇಳ."

ಕಾಕಾ ಬಾಗಿಲ ಚೌಕಟ್ಟಿಗೆ ಒರಗಿ, "ಅಕ್ಕಾ, ನೀ ತಂಬಾಕ ಪ್ಯಾಟಿಗೆ ಬರಬೇಕಾಗಿತ್ತ ನೋಡ. ನಮ್ಮ ಪೈಕಿ ಒಬ್ಬಾಂವಾ ಉಳೀತಿದ್ದಿಲ್ಲ," ಎಂದರು.

ಆಗ ನನ್ನ ಆಲಸ್ಯ ಕೆಲಸಕ್ಕೆ ಬಂತು. ಕಠ್ಮಂಡುವಿನಲ್ಲಿ ಧರ್ಮಶಾಲೆಯ ಮಾಳಿಗೆಯ ಮೇಲೆ ನಿಂತು ಹೊತ್ತು ಹುಟ್ಟುವ, ಮುಳುಗುವ ಸಮಯವನ್ನು ಅತ್ತಿಗಾಗಿ ನನ್ನ ಗಡಿಯಾರದಲ್ಲಿ ನೋಡಿಟ್ಟಿದ್ದೆ. ನ್ಯಾಲಂ ಅಲ್ಲಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಹೆಚ್ಚು ದೂರವಿಲ್ಲ. ಬೆಟ್ಟಗಳನ್ನೆಲ್ಲ ತೆಗೆದು ನೆಲವನ್ನು ಉಗಾರದ ಹಾಗೆ ಚಪ್ಪಟೆ ಮಾಡಿದರೆ ಇಲ್ಲಿಯೂ ಸೂರ್ಯ ಹೆಚ್ಚುಕಡಿಮೆ ಅದೇ ಸಮಯಕ್ಕೆ ಮುಳುಗಬೇಕು. ಗಡಿಯಾರವನ್ನು ಅತ್ತಿಯ ಮುಂದೆ ಹಿಡಿದು ಇದನ್ನೇ ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡಳು. ಅದರಲ್ಲಿ ನೇಮದ ಎರಡು ಗಳಿಗೆ ಕಳೆದಳು. ತಪ್ಪು ತನ್ನ ಕಡೆಗೇ ಇರಲಿ ಎಂದು ಇನ್ನೂ ಸ್ವಲ್ಪ ಕಳೆದಳು. ಅಷ್ಟಾದರೂ ಬಹಳ ಹೊತ್ತು ಉಳಿದಿತ್ತು.

"ಹುಟ್ಟೂದೂ ಇದಽ ಲೆಕ್ಕಾನಽ?"

"ಹುಟ್ಟೂದೂ ಇದಽ."

"ಕೊಡು ಹಂಗಾರ," ಎಂದು ಥರ್ಮಾಸಿನತ್ತ ಕೈಚಾಚಿದಳು.

ಒಮ್ಮೆಲೇ ಕುಡಿಯಬೇಡ, ಗುಟುಕು ಗುಟುಕಾಗಿ ಕುಡಿ ಎಂದೆ. ಸಕ್ಕರೆ, ಚೂರು ಉಪ್ಪು ಹಾಕಿ ಕೊಟ್ಟೆ. ಕಾಕಾ ಮನೆಯಿಂದ ತಂದಿದ್ದ ಒಣ ದ್ರಾಕ್ಷಿಯನ್ನು ಒಂದೊಂದಾಗಿ ಅವಳ ಅಂಗೈಗೆ ಹಾಕಿದರು. ಅತ್ತಿ ತನ್ನ ಹೊತ್ತು ಮುಗಿಯುವವರೆಗೆ ಥರ್ಮಾಸನ್ನು ಪಕ್ಕದಿಂದ ಸರಿಸಲಿಲ್ಲ.

ಮರುದಿನ ವಾಂತಿ ಇರಲಿಲ್ಲ. ನೀರೊಂದೇ ಗುಣ ಮಾಡಿತು ಎಂದು ನಾನು ಹೇಳಲಾರೆ. ಎತ್ತರಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು, ಇಲ್ಲವೇ ನಿಂತು ದೇಹಕ್ಕೆ ಕಾಲ ಕೊಡುವುದು. ರಕ್ತ ತನ್ನನ್ನು ತಾನು ಹೊಸ ಗಾಳಿಗೆ ಹೊಂದಿಸಿಕೊಳ್ಳಬೇಕು, ಅದಕ್ಕೆ ಅವಸರ ಆಗುವುದಿಲ್ಲ. ಆದ್ದರಿಂದ ಇನ್ನೊಂದು ದಿನ ಇಲ್ಲೇ ಇರೋಣ ಎಂದು ಪೆಂಬಾನನ್ನು ಕೇಳಿಕೊಂಡೆ. ಅವನು ಅತ್ತಿಯನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ ನೋಡಿ ಒಪ್ಪಿದ. ಮೂರನೆಯ ರಾತ್ರಿ ಕಳೆದ ಮೇಲೆ ಅತ್ತಿ ತಾನಾಗಿಯೇ ಹಸಿವು ಎಂದಳು. ತಲೆನೋವೂ ಹೋಗಿತ್ತು. ಪೆಂಬಾ ಜೀಪಿನ ಮುಖವನ್ನು ಮೇಲಿನ ದಾರಿಗೆ ತಿರುಗಿಸಲು ಚಾಲಕನಿಗೆ ಹೇಳಿದ. ಅತ್ತಿಗೆ ಆ ಭಾಷೆ ಬರುವುದಿಲ್ಲ. ಆದರೂ ಅವಳು ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮೊದಲು ಜೀಪು ಹತ್ತಿದಳು.

ಘಟ್ಟದ ನೆತ್ತಿ

ನ್ಯಾಲಂ ಬಿಟ್ಟ ಮೇಲೆ ದಾರಿ ಒಂದು ದೊಡ್ಡ ಘಟ್ಟವನ್ನು ದಾಟುತ್ತದೆ. ನೆತ್ತಿಯ ಮೇಲೆ ಬಣ್ಣಬಣ್ಣದ ಬಾವುಟಗಳ ಸರ, ಆಚೆ ಸಾಲಾಗಿ ಹಿಮ. ನಮ್ಮ ಚಿವಡಾ, ಶೇಂಗಾ ಚಟ್ನಿಗಳನ್ನೆಲ್ಲ ಮನೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಬಿಗಿಯಾಗಿ ಮುಚ್ಚಿದ್ದೆವು. ಏರಿದಂತೆ ಅವು ಉಬ್ಬತೊಡಗಿದ್ದವು. ಒಳಗಿದ್ದದ್ದು ಚಿಕ್ಕೋಡಿಯ ಗಾಳಿ, ಹೊರಗೆ ಅದನ್ನು ಅದುಮಿ ಹಿಡಿಯುವವರು ಯಾರೂ ಇರಲಿಲ್ಲ. ಕಾಕಾ ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಟ್ಟಿ, "ಚಿವಡಾ ಬಸರ ಆಗೇತಿ," ಎಂದರು. ಅಷ್ಟರಲ್ಲಿ ಜೀಪು ಒಂದು ಗುಂಡಿಗೆ ಇಳಿಯಿತು. ಪಕ್ಕದಲ್ಲಿದ್ದ ಚಟ್ನಿಯ ಚೀಲ ಪಟ್ಟೆಂದು ಒಡೆದು ಕಾಕಾನ ಬಿಳಿ ಟೊಪ್ಪಿಗೆಯಿಂದ ಮೊಣಕಾಲವರೆಗೆ ಕೆಂಪು ಪುಡಿ ಸುರಿಯಿತು. ಅವರು ಸೀನಿದರು, ಸೀನಿಗೆ ಉಸಿರು ಸಾಲದೆ ಬಾಯಿ ತೆರೆದು ಕೂತರು, ಮತ್ತೆ ಸೀನಿದರು. ಅತ್ತಿ ನಗಲು ಹೋಗಿ ಅವಳಿಗೂ ಉಸಿರು ಸಾಲಲಿಲ್ಲ. ಇಬ್ಬರೂ ಎದೆ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತಾ, ದನಿಯೇ ಇಲ್ಲದೆ ನಗುತ್ತಿದ್ದರು. ಚಾಲಕ ತನ್ನ ತೋಳಿನ ಮೇಲೆ ಬಿದ್ದಿದ್ದನ್ನು ನೆಕ್ಕಿ ನೋಡಿ, ಇನ್ನಷ್ಟು ಬೇಕು ಎಂದು ಕೈ ಒಡ್ಡಿದ.

ಸರೋವರದ ದಂಡೆ

ಅಲ್ಲಿಂದ ಮುಂದೆ ನಾಡು ಬಯಲಾಯಿತು. ಸೂರ್ಯ ಮತ್ತೆ ಉಗಾರದವನಂತೆ ನಡೆದುಕೊಂಡ. ಸ್ಥಳೀಯ ಗಡಿಯಾರದಲ್ಲಿ ನಮ್ಮವರು ಮಲಗಿ ನಿದ್ದೆ ಹೋಗುವ ಹೊತ್ತಾಗಿದ್ದರೂ ಇಲ್ಲಿ ಹಗಲು ಇರುತ್ತಿತ್ತು. ಅತ್ತಿ ಗಡಿಯಾರ ಕೇಳುವುದನ್ನೇ ಬಿಟ್ಟಳು.

ಮಾನಸ ಸರೋವರದ ದಂಡೆಯಲ್ಲಿ ನಾನು ಪ್ರಯೋಗಶಾಲೆಯಿಂದ ತಂದಿದ್ದ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಳಿಬಿಟ್ಟೆ. ಪಾದರಸ ಎಂಬತ್ತೈದರ ಹತ್ತಿರ ನಿಂತಿತು, ಮೇಲೇರಲಿಲ್ಲ. ನೀರು ಮಾತ್ರ ಪೂರ್ತಿ ನೂರಾದಂತೆ ಗದ್ದಲ ಮಾಡುತ್ತಿತ್ತು. ಬರೀ ಪಾತ್ರೆಯಲ್ಲಿ ಬೇಳೆ ಬೇಯದೆ ಕಲ್ಲಾಗಿ ಉಳಿದದ್ದು ಇದಕ್ಕೇ ಎಂದು ಅತ್ತಿಗೆ ತೋರಿಸಿದೆ. ಕುಕ್ಕರಿನಲ್ಲಿ ಮುಚ್ಚಿಟ್ಟರೆ ಒಳಗೆ ನಾವೇ ಒತ್ತಡ ಕಟ್ಟಿಕೊಂಡಂತೆ.

"ಅಂದ್ರ ಈ ಡಬ್ಬ್ಯಾಗ ನಮ್ಮೂರ ಐತಿ ಅನ್ನು," ಎಂದಳು. ಮೂವತ್ತು ವಿದ್ಯಾರ್ಥಿಗಳ ಮುಂದೆ ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ನೀರು ಕುದಿದದ್ದು ಸಾಕೇ ಎಂದು ನಾನು ಕೇಳಿದೆ. ನೇಮಕ್ಕೆ ಕುದಿದರೆ ಸಾಕು ಎಂದಳು, ನಿನ್ನ ಸಮಾಧಾನಕ್ಕೆ ಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಇಡು ಎಂದಳು. ಇಟ್ಟೆ.

ಅಷ್ಟಾಪದ

ಕೈಲಾಸದ ಬುಡದ ಊರಿನಿಂದ ಅಷ್ಟಾಪದಕ್ಕೆ ಏರುದಾರಿ, ನಡೆದೇ ಹೋಗಬೇಕು. ಹತ್ತಿರ ಕಂಡದ್ದು ಹತ್ತಿರವಾಗುವುದೇ ಇಲ್ಲ. ಇಲ್ಲಿ ಐದು ಸಲ ಉಸಿರೆಳೆದರೆ ನಮ್ಮೂರಿನ ಮೂರು ಉಸಿರಿನಷ್ಟೇ ಗಾಳಿ ಸಿಗುತ್ತಿತ್ತು. ಪೆಂಬಾ ಅತ್ತಿಯ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡ. ಕಾಕಾ ಮಾತು ನಿಲ್ಲಿಸಿದರು. ಅವರ ಬಾಯಿ ಮುಚ್ಚಿಸಲು ನಿಪ್ಪಾಣಿಯಲ್ಲಿ ಯಾರಿಗೂ ಆಗಿರಲಿಲ್ಲ. ನಾವು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಒಂದು ಕಡೆ ಅತ್ತಿ ಕೋಲಿನ ಮೇಲೆ ಹಣೆಯಿಟ್ಟು ಬಹಳ ಹೊತ್ತು ನಿಂತಾಗ, ಪೆಂಬಾ ಅವಳ ಉಗುರು ನೋಡಿ, ನನ್ನ ಮುಖ ನೋಡಿದ. ತಿರುಗೋಣವೇ ಎಂದು ಕೇಳಬೇಕೆಂದಿದ್ದೆ. ಅತ್ತಿ ತಲೆ ಎತ್ತದೆಯೇ, "ತಲಿನೋವಿಲ್ಲ. ತಿರುಗೂದಾದ್ರ ನಾನಽ ಹೇಳ್ತೀನಿ," ಎಂದಳು. ಮತ್ತೆ ಹೆಜ್ಜೆ ಇಟ್ಟಳು.

ದಿಣ್ಣೆ ಮುಗಿದಾಗ ಎದುರಿಗೆ ಯಾವ ಮರೆಯೂ ಇಲ್ಲದೆ ಕೈಲಾಸದ ದಕ್ಷಿಣದ ಮುಖ ನಿಂತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಹಿಮ. ಅದರ ಮುಂದೆ ಚಿಕ್ಕದಾದ, ಕಂದು ಬಣ್ಣದ ಒಂದು ಗುಡ್ಡ. ಅದೇ ಅಷ್ಟಾಪದ ಎಂದ ಪೆಂಬಾ. ಗುಡಿ ಇಲ್ಲ, ಮೂರ್ತಿ ಇಲ್ಲ. ಬರೀ ಕಲ್ಲು. ಅತ್ತಿಗೆ ನಿರಾಶೆಯಾದೀತೇ ಎಂದು ನಾನು ಅವಳ ಕಡೆ ನೋಡಿದೆ. ಅವಳು ಆಗಲೇ ನೆಲದ ಮೇಲೆ ಪದ್ಮಾಸನ ಹಾಕಿ ಕೂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಕೆನ್ನೆಯ ಅರ್ಧಕ್ಕೇ ಒಣಗುತ್ತಿತ್ತು.

ನಮ್ಮಲ್ಲಿ ನಮೋಕಾರ ಮಂತ್ರವನ್ನು ಉಸಿರಿಗೆ ಹೊಂದಿಸಿ ಹೇಳುವ ಕ್ರಮವಿದೆ. ಒಂದು ಮಂತ್ರಕ್ಕೆ ಮೂರು ಉಸಿರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತಿ ಕಣ್ಣು ಮುಚ್ಚಿ ಆರಂಭಿಸಿದಳು. ಮೊದಲ ಸಾಲಿನ ನಡುವೆಯೇ ಉಸಿರು ಮುಗಿಯಿತು. ಎಳೆದುಕೊಂಡು ಉಳಿದದ್ದನ್ನು ಹೇಳಿದಳು. ಎರಡನೆಯ ಸಾಲೂ ಹಾಗೇ ಮುರಿಯಿತು. ಕಾಕಾ ಪಕ್ಕದಲ್ಲಿ ಕೂತು ತಮ್ಮದನ್ನು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, ಚಿಕ್ಕ ಹುಡುಗನಂತೆ ಅತ್ತಿಯ ಕಡೆ ನೋಡಿದರು.

"ಅಕ್ಕಾ, ಉಸರಿನ ಲೆಕ್ಕಾ ತಪ್ಪಾಕತ್ತೈತಲ್ಲ."

ಅತ್ತಿ ಕಣ್ಣು ತೆರೆಯಲಿಲ್ಲ. "ಇಲ್ಲೆ ಉಸರಽ ಸಣ್ಣೂ ಅದಾವು," ಎಂದಳು. ತಡೆದು, ಎರಡು ಸಲ ಉಸಿರೆಳೆದುಕೊಂಡಳು. "ಎರಡ ಕೂಡಿಸಿ ಒಂದ ಹಿಡಿ."

ಕಾಕಾ ಮತ್ತೆ ಮೊದಲಿಂದ ಆರಂಭಿಸಿದರು. ನಾನು ಬಹಳ ದಿನಗಳಿಂದ ಮಂತ್ರ ಹೇಳಿರಲಿಲ್ಲ. ಅವರಿಬ್ಬರ ಪಕ್ಕದಲ್ಲಿ ಕೂತು, ಎರಡು ಸಣ್ಣ ಉಸಿರುಗಳನ್ನು ಒಂದಾಗಿ ಕೂಡಿಸಿಕೊಳ್ಳುತ್ತಾ, ನಿಧಾನವಾಗಿ ಹೇಳಿದೆ. ಲೆಕ್ಕ ಸರಿಹೋಯಿತು.